ಕಳವು ಫೋನಿನ ಕೇಸು, ನನ್ನ ತಮ್ಮ, ಮತ್ತು ವಿದ್ಯಾನಗರದ ಉಚಿತ ಕಾನೂನು ನೆರವು

ನನ್ನ ತಮ್ಮ ಕಳ್ಳ ಅಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ನಾಲ್ಕು ತಿಂಗಳು ಈ ಒಂದು ಮಾತನ್ನು ಅಂಗಳದಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಕಾಲೇಜಿನ ಆಫೀಸಿನಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ಅವನಿಗೆ 19 ವರ್ಷ. ಡಿಗ್ರಿ ಎರಡನೇ ವರ್ಷ. 2025ರ ಮಳೆಗಾಲದ ಶುರುವಿನಲ್ಲಿ ಗೆಳೆಯನ ಗೆಳೆಯ ಅಂತ ಪರಿಚಯವಾದ ಒಬ್ಬನಿಂದ 7,500 ರೂಪಾಯಿ ಕೊಟ್ಟು ಸೆಕೆಂಡ್ ಹ್ಯಾಂಡ್ ಫೋನ್ ತಗೊಂಡ. ಬಿಲ್ ಇರಲಿಲ್ಲ. "ಬಾಕ್ಸ್ ಮನೆಯಲ್ಲಿದೆ, ನಾಳೆ ತರುತ್ತೇನೆ" ಅಂದಿದ್ದನಂತೆ. ಆ ನಾಳೆ ಬರಲೇ ಇಲ್ಲ. ಎರಡು ತಿಂಗಳು ಕಳೆದ ಮೇಲೆ ಸ್ಟೇಷನ್ನಿಂದ ಕರೆ ಬಂತು. ನಿನ್ನ ಹತ್ತಿರ ಇರುವುದು ಕಳವು ಮಾಲು, ತಗೊಂಡು ಬಾ. ಅಷ್ಟೇ.

ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ. ಅಪ್ಪ ಅಡಿಕೆ ಸುಲಿಯುವುದನ್ನು ಅರ್ಧಕ್ಕೆ ಬಿಟ್ಟು, ಚಪ್ಪಲಿ ಹಾಕಿಕೊಂಡು ಅಂಗಳದಲ್ಲಿ ನಿಂತರು. ಎಲ್ಲಿಗೆ ಹೋಗಬೇಕು ಅಂತ ಅವರಿಗೂ ಗೊತ್ತಿಲ್ಲ.

ಇಂಥ ಹೊತ್ತಿನಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ ಕಡೆ ಮೊದಲು ಬರುವುದು ವಕೀಲರಲ್ಲ, ಪರಿಚಯದವರು. ಒಬ್ಬರು ಅಂದರು, ಸ್ಟೇಷನ್ನಿನಲ್ಲಿ ನಮ್ಮ ಜನ ಇದ್ದಾರೆ, ನಾನು ಮಾತಾಡುತ್ತೇನೆ. ಇನ್ನೊಬ್ಬರು, ಫೋನ್ ಕೊಟ್ಟು ಕೇಳಿದ ಕಡೆ ಸಹಿ ಹಾಕಿ ಬಾ, ಹುಡುಗ ಅಂತ ಬಿಟ್ಟುಬಿಡುತ್ತಾರೆ. ಮತ್ತೊಬ್ಬರು, ಆ ಫೋನನ್ನು ಎಲ್ಲಾದರೂ ಬಿಸಾಡು ಅಂದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಮೂರನೆಯ ಮಾತನ್ನು ಕೇಳಿದ್ದರೆ ನನ್ನ ತಮ್ಮ ಇವತ್ತು ಆರೋಪಿಯಾಗಿಯೇ ಇರುತ್ತಿದ್ದ.

ಉಚಿತ ನೆರವಿನ ಬಗ್ಗೆ ಹೇಳುವ ಮೊದಲು, ದುಡ್ಡು ಕೊಟ್ಟು ಸೋತ ಎರಡು ಕಡೆಯ ಬಗ್ಗೆ ಹೇಳಬೇಕು. ಹೆಸರು ಬರೆಯುವುದಿಲ್ಲ. ಪೇಟೆಯಲ್ಲಿ ಒಬ್ಬ ವಕೀಲರ ಆಫೀಸಿಗೆ ಹೋದೆವು. ವಿಷಯ ಪೂರ್ತಿ ಕೇಳುವ ಮೊದಲೇ 40,000 ಅಂದರು, ನಾಳೆಯೇ ಅರೆಸ್ಟ್ ಆಗುತ್ತದೆ ಅಂದರು, ಅಮ್ಮನ ಕೈಕಾಲು ನಡುಗಿತು. ಆಮೇಲೆ ನಾನು ರಾತ್ರಿ ಕೂತು ಒಂದು ವೆಬ್‌ಸೈಟಿನಲ್ಲಿ 999 ರೂಪಾಯಿ ಕಟ್ಟಿ ವಕೀಲರ ಜೊತೆ ಮಾತಾಡಿದೆ. ಹದಿನೈದು ನಿಮಿಷ. ಅವರಿಗೆ ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಬರುವುದಿಲ್ಲ. ಮೊದಲಿಂದ ಕೊನೆ ತನಕ ಐಪಿಸಿ 411 ಅಂತಲೇ ಹೇಳಿದರು, ಅಂದರೆ ಹಳೆ ದಂಡ ಸಂಹಿತೆಯಲ್ಲಿ ಕಳವು ಮಾಲು ಇಟ್ಟುಕೊಂಡವರ ಸೆಕ್ಷನ್. ಆದರೆ 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಬಂದಿದೆ ಅಲ್ವಾ? ಆ ದಿನದ ನಂತರ ನಡೆದದ್ದಕ್ಕೆ ಹೊಸ ಕಾನೂನೇ ಅನ್ವಯ. ನಮ್ಮದು 2025ರ ವಿಷಯ, ಅಂದರೆ ಬಿಎನ್‌ಎಸ್ 317(2). ಶಿಕ್ಷೆ ಎರಡರಲ್ಲೂ ಒಂದೇ, 3 ವರ್ಷದ ತನಕ ಜೈಲು, ಅಥವಾ ದಂಡ, ಅಥವಾ ಎರಡೂ. ಆದರೂ ಯಾವ ಕಾನೂನು ಅನ್ನುವುದನ್ನೇ ತಪ್ಪಿ ಹೇಳುವವರ ಮಾತು ನಂಬಿ ಹುಡುಗನನ್ನು ಸ್ಟೇಷನ್ನಿಗೆ ಕಳಿಸುವುದು ಹೇಗೆ?

ನಾನು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಹಿಂದೆ ಒಮ್ಮೆ ನಮ್ಮ ಶಾಲೆಗೆ ಕಾನೂನು ಅರಿವಿನ ತರಗತಿಗೆ ಬಂದಿದ್ದ ಪ್ಯಾರಾ ಲೀಗಲ್ ವಾಲಂಟಿಯರ್ ಒಬ್ಬರು ಬೋರ್ಡಿನ ಮೇಲೆ 15100 ಅಂತ ದೊಡ್ಡದಾಗಿ ಬರೆದು ಹೋಗಿದ್ದರು. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ ಅದು. ಆ ರಾತ್ರಿ ಅದು ನೆನಪಿಗೆ ಬಂತು. ಅದಕ್ಕಿಂತ ಮೊದಲು, ಉಚಿತ ವಕೀಲರು ಅಂದರೆ ತೀರ ದಿಕ್ಕಿಲ್ಲದವರಿಗೆ ಕೊಡುವ ದಾನ ಅಂತ ನಾನೂ ತಿಳಿದಿದ್ದೆ. ದಾನ ಅಲ್ಲ, ಹಕ್ಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ.

ಚೆರ್ಕಳ ದಾರಿಯ ಬಸ್ಸು ಹಿಡಿದು ವಿದ್ಯಾನಗರದಲ್ಲಿ ಇಳಿದು, ಕೋರ್ಟು ಇರುವ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸಿಗೆ ಹೋದೆವು. ಅರ್ಜಿ ಬರೆದೆವು. ಅರ್ಜಿಗೆ ದುಡ್ಡಿಲ್ಲ. ನಮಗೆ ಕೊಟ್ಟದ್ದು ಕ್ರಿಮಿನಲ್ ಕೇಸುಗಳಿಗೆ ಅಂತಲೇ ಇರುವ ಡಿಫೆನ್ಸ್ ಕೌನ್ಸೆಲ್ (ಆರೋಪಿಯ ಪರ ವಕೀಲರ) ವ್ಯವಸ್ಥೆಯ ಒಬ್ಬರು ವಕೀಲೆಯನ್ನು. ಅವರು ಖುರ್ಚಿ ತೋರಿಸಿ ಮೊದಲು ಕೇಳಿದ್ದು, "ಯಾವ ಭಾಷೆಯಲ್ಲಿ ಮಾತಾಡೋಣ?" ನಾನು ಈ ಬರಹ ಬರೆಯುತ್ತಿರುವುದೇ ಆ ಒಂದು ಪ್ರಶ್ನೆಗಾಗಿ ಅಂದರೂ ತಪ್ಪಲ್ಲ.

ನಮ್ಮ ಹುಡುಗರ ಸ್ಥಿತಿ ಹೊರಗಿನವರಿಗೆ ಅರ್ಥವಾಗುವುದಿಲ್ಲ. ತಮ್ಮ ಓದಿದ್ದು ಕನ್ನಡ ಮೀಡಿಯಂ. ಮಲಯಾಳ ಚೆನ್ನಾಗಿ ಮಾತಾಡುತ್ತಾನೆ, ಗೆಳೆಯರಲ್ಲಿ ಅರ್ಧ ಜನ ಮಲಯಾಳದವರೇ. ಆದರೆ ಓದಲು ಕೊಟ್ಟರೆ ಅಕ್ಷರ ಅಕ್ಷರ ಕೂಡಿಸಬೇಕು, ಕೈಬರಹವಂತೂ ಆಗುವುದೇ ಇಲ್ಲ. ಸ್ಟೇಷನ್ನಿನ ಕಾಗದ ಎಲ್ಲ ಮಲಯಾಳ. ಮಾತಾಡಲು ಬರುತ್ತದೆ ಅಂದಮೇಲೆ ಓದಲೂ ಬರುತ್ತದೆ ಅಂತ ಎದುರಿನವರು ತಿಳಿಯುತ್ತಾರೆ, ಇಲ್ಲ ಅನ್ನಲು ಇವನಿಗೆ ನಾಚಿಕೆ. ಹೀಗೆ ಎಷ್ಟು ಮಕ್ಕಳು ಏನು ಬರೆದಿದೆ ಅಂತ ತಿಳಿಯದೆ ಸಹಿ ಹಾಕಿದ್ದಾರೋ! ಜಾಮೀನಿಗೆ ಅಲ್ಲಿ ಜಾಮ್ಯಂ, ಸಿಕ್ಕಿದ ಮಾಲಿಗೆ ತೊಂಡಿ. ಅಂಥ ಮಾತು ಕಿವಿಗೆ ಗೊತ್ತು. ಆದರೆ ಒಂದು ವಾಕ್ಯದಲ್ಲಿ "ಗೊತ್ತಿದ್ದು ತಗೊಂಡೆ" ಅಂತಿದೆಯೋ "ಗೊತ್ತಿಲ್ಲದೆ ತಗೊಂಡೆ" ಅಂತಿದೆಯೋ ಅನ್ನುವುದು ಕಣ್ಣಿಗೆ ಗೊತ್ತಾಗಬೇಕಲ್ಲ. ಈ ಕೇಸು ಪೂರ್ತಿ ನಿಂತಿರುವುದು ಆ ಒಂದು ಶಬ್ದದ ಮೇಲೆ.

ಅದನ್ನೇ ವಕೀಲೆ ಬಿಡಿಸಿ ಹೇಳಿದರು. ಕಳವು ಮಾಲು ಕೈಯಲ್ಲಿ ಇದ್ದ ಮಾತ್ರಕ್ಕೆ ಅಪರಾಧ ಆಗುವುದಿಲ್ಲ. ಅದು ಕಳವಿನದು ಅಂತ ಗೊತ್ತಿರಬೇಕು, ಅಥವಾ ಹಾಗೆ ನಂಬಲು ಕಾರಣ ಇರಬೇಕು, ಜೊತೆಗೆ ಮೋಸದ ಮನಸ್ಸು ಇರಬೇಕು. ಆದರೆ ಇನ್ನೊಂದು ಬದಿಯೂ ಇದೆ. ಕಳವಾದ ಸ್ವಲ್ಪ ದಿನದಲ್ಲೇ ಮಾಲು ಯಾರ ಕೈಯಲ್ಲಿ ಸಿಗುತ್ತದೋ, ಅವನು ಅದು ಹೇಗೆ ಬಂತು ಅಂತ ಸರಿಯಾಗಿ ಹೇಳದಿದ್ದರೆ, ಅವನೇ ಕಳ್ಳ ಅಥವಾ ಗೊತ್ತಿದ್ದೇ ಇಟ್ಟುಕೊಂಡವನು ಅಂತ ಕೋರ್ಟು ಊಹಿಸಬಹುದು. ಸಾಕ್ಷ್ಯ ಕಾನೂನಿನಲ್ಲಿ ಇದು ಮೊದಲಿಂದಲೂ ಇದೆ, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಸೆಕ್ಷನ್ 119. ಹಾಗಾಗಿ ಸುಮ್ನೆ "ನನಗೆ ಗೊತ್ತಿಲ್ಲ" ಅಂದರೆ ಸಾಲದು. ಹೇಗೆ ಬಂತು ಅನ್ನುವುದಕ್ಕೆ ದಾಖಲೆ ಬೇಕು.

ಆಮೇಲೆ ಒಂದು ಗಂಟೆ ಅವನನ್ನು ಪ್ರಶ್ನೆ ಕೇಳಿದರು. ದುಡ್ಡು ಕೈಯಲ್ಲಿ ಕೊಟ್ಟೆಯಾ, ಯುಪಿಐಯಲ್ಲಾ? ಆ ಮಾದರಿಯ ಹಳೆ ಫೋನಿಗೆ ಅಂಗಡಿಯಲ್ಲಿ ಎಷ್ಟು? ಮಾರಿದವನ ಜೊತೆ ವಾಟ್ಸಾಪ್ ಮಾತು ಇದೆಯಾ? ಬಾಕ್ಸ್ ಕೇಳಿದ್ದಕ್ಕೆ ಸಾಕ್ಷಿ ಇದೆಯಾ? ಯಾರ ಹೆಸರಿನ ಸಿಮ್ ಹಾಕಿದ್ದೆ? ತಮ್ಮ ಯುಪಿಐಯಲ್ಲೇ ಕಳಿಸಿದ್ದ. ತನ್ನದೇ ಹೆಸರಿನ ಸಿಮ್ ಹಾಕಿ, ತನ್ನದೇ ನಂಬರಿನಲ್ಲಿ ಕಾಲೇಜಿನ ಗುಂಪಿನಲ್ಲೆಲ್ಲ ಇದ್ದ. ಕಳವಿನದು ಅಂತ ಗೊತ್ತಿದ್ದವನು ಹೀಗೆ ರಾಜಾರೋಷವಾಗಿ ಬಳಸುವುದಿಲ್ಲ ಅಂತ ಅವರು ಹೇಳಿದಾಗ, ಆ ವಾರದಲ್ಲಿ ಮೊದಲ ಸಲ ಅಮ್ಮನ ಮುಖದಲ್ಲಿ ಬಣ್ಣ ಬಂತು. ಬಾಕ್ಸ್ ಯಾವಾಗ ತರುತ್ತೀಯ ಅಂತ ಅವನು ಮೂರು ಸಲ ಮೆಸೇಜ್ ಹಾಕಿದ್ದ. ಅವನಿಗೆ ಅದರ ನೆನಪೇ ಇರಲಿಲ್ಲ. ಅವರೇ ಹುಡುಕಿ ತೆಗೆದರು.

ಇದನ್ನು ಓದುತ್ತಿರುವ ಮಕ್ಕಳೇ, ಸ್ಟೇಷನ್ನಿಂದ ಕರೆ ಬಂದರೆ ಒಂದು ಮೆಸೇಜನ್ನೂ ಅಳಿಸಬೇಡಿ. ಫೋನ್ ರೀಸೆಟ್ ಮಾಡಬೇಡಿ, ಮಾರಿದವನಿಗೆ ವಾಪಸ್ ಕೊಡಬೇಡಿ, ಬೇರೆಯವರಿಗೆ ಮಾರಬೇಡಿ, ಹೊಳೆಗೆ ಬಿಸಾಡಬೇಡಿ. ನಿಮ್ಮನ್ನು ಉಳಿಸುವುದು ಅದರೊಳಗೇ ಇರಬಹುದು. ಸ್ಕ್ರೀನ್‌ಶಾಟ್ ಇದ್ದರೆ ಸಾಕು ಅಂತಲೂ ತಿಳಿಯಬೇಡಿ. ಕೋರ್ಟಿನಲ್ಲಿ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿ ಕೊಡುವಾಗ ಅದೇ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನು ವಕೀಲರೇ ನೋಡಿಕೊಳ್ಳುತ್ತಾರೆ. ನೀವು ಮೂಲ ಉಳಿಸಿ, ಅಷ್ಟು ಸಾಕು.

ಸ್ಟೇಷನ್ನಿಗೆ ಹೋಗುವ ವಿಷಯಕ್ಕೆ ಬರುತ್ತೇನೆ. 317(2) ಜಾಮೀನು ತಾನಾಗಿ ಸಿಗುವ ಅಪರಾಧ ಅಲ್ಲ, ಹಾಗಾಗಿ ಭಯ ಸಹಜ. ಆದರೆ 7 ವರ್ಷದ ತನಕ ಶಿಕ್ಷೆ ಇರುವ ಅಪರಾಧಗಳಲ್ಲಿ ಪೊಲೀಸರು ನೇರ ಅರೆಸ್ಟ್‌ಗೆ ಹೋಗುವಂತಿಲ್ಲ, ಅರೆಸ್ಟ್ ಯಾಕೆ ಬೇಕು ಅಂತ ಕಾರಣ ಬರೆಯಬೇಕು, ಬೇಡವಾದರೆ ಹಾಜರಾಗಲು ನೋಟಿಸು ಕೊಡಬೇಕು. 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಗಟ್ಟಿಯಾಗಿ ಹೇಳಿತ್ತು. ಈಗ ಆ ನೋಟಿಸು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅರೆಸ್ಟ್, ತನಿಖೆ ಹೇಗೆ ನಡೆಯಬೇಕು ಅನ್ನುವ ಕಾನೂನು) 35(3)ರಲ್ಲಿದೆ. ನೋಟಿಸಿನ ಪ್ರಕಾರ ನಾವು ಹೋಗುತ್ತಿದ್ದರೆ ಸುಮ್ಮಸುಮ್ಮನೆ ಹಿಡಿದು ಹಾಕುವಂತಿಲ್ಲ. ನಮಗೆ ಮೊದಲು ಬಂದದ್ದು ಬರೀ ಕರೆ, ಆಮೇಲೆ ವಾಟ್ಸಾಪ್‌ನಲ್ಲಿ ಒಂದು ಫೋಟೋ. ಈ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಕೀಲೆ ಜಗಳ ಮಾಡಲಿಲ್ಲ. ಹುಡುಗ ಬರುತ್ತಾನೆ, ನೋಟಿಸು ಕಾಗದದಲ್ಲಿ ಕೊಡಿ ಅಂತ ಒಂದು ಪತ್ರ ಬರೆದರು. ಕೊಟ್ಟರು.

ಹೋಗುವ ದಿನ ಅವರು ನಮ್ಮ ಜೊತೆ ಬಂದರು. ವಿಚಾರಣೆ ಪೂರ್ತಿ ಪಕ್ಕದಲ್ಲಿ ಕೂರುವ ಹಕ್ಕು ವಕೀಲರಿಗಿಲ್ಲ, ಆದರೆ ನಡುವೆ ಭೇಟಿಯಾಗುವ ಹಕ್ಕು ಇದೆ. ಅವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು, ನಡುವೆ ಒಮ್ಮೆ ಒಳಗೆ ಹೋದರು. ತಮ್ಮ ಆಮೇಲೆ ಹೇಳಿದ್ದು, ಅವರು ಹೊರಗಿದ್ದಾರೆ ಅನ್ನುವ ಧೈರ್ಯವೇ ಸಾಕಾಯಿತು ಅಂತ. ಅವರು ಹೇಳಿಕೊಟ್ಟದ್ದು ಹೆಚ್ಚೇನಿಲ್ಲ. ಸುಳ್ಳು ಹೇಳಬೇಡ. ಗೊತ್ತಿಲ್ಲದ್ದನ್ನು ಊಹಿಸಿ ಹೇಳಬೇಡ. ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಬೇಕಾಗಿಲ್ಲ ಅಂತ ಕಾನೂನೇ ಹೇಳುತ್ತದೆ, ಆದ್ದರಿಂದ ಹಾಕಬೇಡ. ಫೋನ್ ವಶಪಡಿಸಿಕೊಂಡ ಮಹಜರಿಗೆ ಸಹಿ ಕೇಳಿದರೆ, ಪೂರ್ತಿ ಓದಿಸಿ, ಎರಡೂ ಐಎಂಇಐ ನಂಬರ್ (ಫೋನಿನ ಗುರುತು ಸಂಖ್ಯೆ) ಸರಿಯಿದೆಯಾ ನೋಡಿ, ಸಹಿಯ ಮೇಲೆ ನಿನ್ನ ಕೈಯಿಂದಲೇ ಕನ್ನಡದಲ್ಲಿ ಬರೆ: "ನನಗೆ ಮಲಯಾಳ ಓದಲು ಬರುವುದಿಲ್ಲ, ಓದಿ ಹೇಳಿದ್ದನ್ನು ಕೇಳಿ ಸಹಿ ಮಾಡಿದ್ದೇನೆ." ಅವನು ಹಾಗೆಯೇ ಬರೆದ. ಅಲ್ಲಿದ್ದವರು ಒಮ್ಮೆ ತಲೆ ಎತ್ತಿ ನೋಡಿದರಂತೆ. ಬೇಡ ಅನ್ನಲಿಲ್ಲ.

ಭಾಷೆ ಅನ್ನುವುದು ಇಲ್ಲಿ ಯಾರ ಮೇಲಿನ ಸಿಟ್ಟಿನ ವಿಷಯವೂ ಅಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಅಲ್ಪಸಂಖ್ಯಾತರು ಇರುವ ಕಡೆ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದು ಅಂತಿದೆ. ಅರೆಸ್ಟ್ ಆದರೆ ಕಾರಣವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು ಅಂತ 2025ರ ಫೆಬ್ರವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೇಳಿದರೆ ಸಿಗುತ್ತದೆ. ಕೇಳಬಹುದು ಅಂತ ಹೇಳಿಕೊಡುವವರು ಬೇಕು.

ಕಾಲೇಜಿನ ಕಥೆ ಬೇರೆಯೇ ಆಯಿತು. ಯಾವ ಕಾಲೇಜು ಅಂತ ಬರೆಯುವುದಿಲ್ಲ. ಸುದ್ದಿ ಹೋದ ಎರಡನೇ ದಿನ ಹಾಸ್ಟೆಲ್ ಖಾಲಿ ಮಾಡು ಅಂದರು. ವಿಚಾರಣೆ ಇಲ್ಲ, ಕಾಗದ ಇಲ್ಲ. ವಕೀಲೆ ಅರ್ಧ ಪುಟದ ಪತ್ರ ಮಾಡಿಕೊಟ್ಟರು: ಎಫ್‌ಐಆರ್ ಅಂದರೆ ತೀರ್ಪಲ್ಲ, ಕ್ರಮ ತಗೊಳ್ಳುವುದಿದ್ದರೆ ಹುಡುಗನ ಮಾತು ಕೇಳಿ ಕಾಗದದಲ್ಲಿ ಕೊಡಿ. ಅವನು ಮತ್ತೆ ರೂಮಿಗೆ ಸೇರಿದ. ಆದರೆ ಜೊತೆಯ ಹುಡುಗರು ತಮ್ಮ ಪೆಟ್ಟಿಗೆಗೆ ಬೀಗ ಹಾಕಲು ಶುರು ಮಾಡಿದ್ದರು. ಅದಕ್ಕೆ ಯಾವ ವಕೀಲರೂ ಪತ್ರ ಬರೆಯಲಾರರು.

ಇನ್ನು ನಮ್ಮ ಕಡೆಯ ಎಲ್ಲ ಮನೆಯ ಚಿಂತೆ, ಪಾಸ್‌ಪೋರ್ಟ್. ಚಿಕ್ಕಪ್ಪ ದುಬೈಯಲ್ಲಿದ್ದಾರೆ, ಡಿಗ್ರಿ ಮುಗಿದ ಮೇಲೆ ಇವನನ್ನು ಕರೆಸಿಕೊಳ್ಳುವ ಮಾತಿತ್ತು. ಕೇಸು ಅಂದ ಕೂಡಲೇ ಅದು ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಆಗಲೇ ಒಬ್ಬರು ಬಂದು, "ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ಸಾವಿರ, ಎರಡು ಸಾವಿರ ದಂಡ ಕಟ್ಟಿದರೆ ಒಂದೇ ದಿನದಲ್ಲಿ ಮುಗಿಯುತ್ತದೆ" ಅಂತ ಸಲಹೆ ಕೊಟ್ಟರು. ಅಪ್ಪ ಅರ್ಧ ಒಪ್ಪಿದ್ದರು. ವಕೀಲೆ ಧ್ವನಿ ಏರಿಸಿದ್ದು ಆಗ ಮಾತ್ರ. ಮುಗಿಯುವುದಲ್ಲ, ಶುರುವಾಗುವುದು ಅಂದರು. ತಪ್ಪೊಪ್ಪಿಗೆ ಅಂದರೆ ದಂಡ ನೂರು ರೂಪಾಯಿ ಇದ್ದರೂ ಅಪರಾಧಿ ಅಂತಲೇ ಆಯಿತು. ಪಿಎಸ್‌ಸಿಯ ಸರಕಾರಿ ಕೆಲಸ, ಬ್ಯಾಂಕು, ವಿದೇಶದ ಪೊಲೀಸ್ ಕ್ಲಿಯರೆನ್ಸ್, ಎಲ್ಲ ಕಡೆ ಆ ಪ್ರಶ್ನೆ ಬರುತ್ತದೆ. ಬರೀ ಎಫ್‌ಐಆರ್ ಇದ್ದರೆ ಪಾಸ್‌ಪೋರ್ಟ್ ಕಾಯ್ದೆಯ ಲೆಕ್ಕದಲ್ಲಿ ಅದು ಕೋರ್ಟಿನಲ್ಲಿ ಬಾಕಿ ಇರುವ ಕೇಸು ಅಲ್ಲ, ಬಾಕಿ ಇದ್ದರೂ ಕೋರ್ಟಿನ ಅನುಮತಿ ತಗೊಂಡು ಪಾಸ್‌ಪೋರ್ಟ್ ಪಡೆಯುವ ದಾರಿ ಇದೆ. ಅಪ್ಪ ಅದನ್ನು ಎರಡು ಸಲ ಹೇಳಿಸಿಕೊಂಡರು. ಈ ಅಪರಾಧದಲ್ಲಿ ಮಾಲಿನ ನಿಜವಾದ ಒಡೆಯರು ಒಪ್ಪಿದರೆ ರಾಜಿಗೂ ಕಾನೂನಿನಲ್ಲಿ ಅವಕಾಶ ಇದೆ. ಆದರೆ ತಪ್ಪೇ ಮಾಡದವನು ಮೊದಲ ದಿನವೇ ರಾಜಿಗೆ ಓಡಬೇಕಾಗಿಲ್ಲ ಅಂತ ಅವರ ಅಭಿಪ್ರಾಯ ಆಗಿತ್ತು, ನನಗೂ ಅದೇ ಸರಿ ಅನಿಸಿತು.

ಸೇವೆಯ ಮಿತಿಗಳನ್ನೂ ಹೇಳುತ್ತೇನೆ. ಇದು ಎಲ್ಲರಿಗೂ ಸಿಗುವುದಿಲ್ಲ. ಹೆಣ್ಣುಮಕ್ಕಳು, 18 ತುಂಬದವರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಸ್ಟಡಿಯಲ್ಲಿ ಇರುವವರು ಇವರಿಗೆಲ್ಲ ಆದಾಯ ನೋಡುವುದಿಲ್ಲ. ನನ್ನ ತಮ್ಮನ ಹಾಗೆ ಹೊರಗಿರುವ ಹುಡುಗರಿಗೆ ಆದಾಯದ ಮಿತಿ ಇದೆ, ಕೇರಳದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿ. ನಮ್ಮದು ಸಣ್ಣ ತೋಟ, ಹಳದಿ ರೋಗ ಬಂದು ಅರ್ಧ ಹೋಗಿದೆ, ಹಾಗಾಗಿ ಕಷ್ಟ ಆಗಲಿಲ್ಲ. ಸರಕಾರಿ ಅರ್ಜಿಗಳನ್ನು ಆನ್‌ಲೈನ್ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿ ವಿಲ್ಲೇಜ್ ಆಫೀಸಿನ ಆದಾಯ ಪ್ರಮಾಣಪತ್ರ ತರಬೇಕಾಯಿತು. ಇದನ್ನು ಎಲ್ಲ ಮನೆಯವರೂ ಮೊದಲೇ ತೆಗೆದಿಟ್ಟರೆ ಒಳ್ಳೆಯದು. ಇನ್ನೊಂದು, ವಕೀಲರನ್ನು ನಾವೇ ಹೆಸರು ಹೇಳಿ ಆರಿಸಿಕೊಳ್ಳುವ ಹಾಗಿರಲಿಲ್ಲ, ಅವರು ಕೊಟ್ಟವರು. ನಮಗೆ ಒಳ್ಳೆಯವರು ಸಿಕ್ಕಿದರು. ದುಡ್ಡಿದ್ದವರು ಖಾಸಗಿ ವಕೀಲರ ಹತ್ತಿರ ಹೋಗುವುದರಲ್ಲಿ ತಪ್ಪೇನಿಲ್ಲ. ಆದರೆ ಫೀಸು ಹೇಳುವ ಮೊದಲು ಹುಡುಗನನ್ನು ನೇರ ಪ್ರಶ್ನೆ ಕೇಳುವವರ ಹತ್ತಿರ ಹೋಗಿ.

ನಿಮ್ಮ ಮಗ ಅಥವಾ ಮಗಳು ಪ್ಲಸ್ ಟೂ, 18 ಆಗಿಲ್ಲ ಅಂತಾದರೆ ದಾರಿಯೇ ಬೇರೆ. ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ವಿಷಯ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ವಯಸ್ಸಿನ ದಾಖಲೆ ಕೈಯಲ್ಲಿ ಇಟ್ಟುಕೊಂಡೇ ಹೋಗಿ.

ನಾಲ್ಕು ತಿಂಗಳ ಮೇಲೆ ಪೊಲೀಸರ ತನಿಖೆ ಮುಗಿದು ಫೈನಲ್ ರಿಪೋರ್ಟ್ ಆಯಿತು. ಮಾರಿದವನ ಮೇಲೆ ಬೇರೆಯೂ ಫೋನುಗಳ ವಿಷಯ ಇತ್ತಂತೆ. ತಮ್ಮನ ಹೆಸರನ್ನು ಆರೋಪಿಗಳ ಪಟ್ಟಿಯಿಂದ ತೆಗೆದು ಸಾಕ್ಷಿ ಮಾಡಿದರು. ಇನ್ನು ಕೋರ್ಟಿನಿಂದ ಕರೆ ಬಂದಾಗ ಹೋಗಿ ನಡೆದದ್ದನ್ನು ಹೇಳಬೇಕು. 7,500 ರೂಪಾಯಿ ಹೋಯಿತು, ಫೋನ್ ನಿಜವಾದ ಒಡೆಯರಿಗೆ ಸೇರಬೇಕಾದದ್ದು, ಸೇರಲಿ. ವಕೀಲೆಗೆ ಅಮ್ಮ ಒಂದು ಗೊನೆ ಕದಳಿ ಬಾಳೆಹಣ್ಣು ತಗೊಂಡು ಹೋಗಿದ್ದರು. ತಗೊಳ್ಳಲಿಲ್ಲ. ಹಿಂದೆ ತರುವಾಗ ಬಸ್ಸಿನಲ್ಲಿ ಅಮ್ಮ ಅತ್ತರು. ನಮ್ಮ ಕೈಯಿಂದ ಅವರಿಗೆ ಹೋದದ್ದು ಒಟ್ಟು ಸೊನ್ನೆ ರೂಪಾಯಿ. ಬಸ್ಸಿನ ಚಾರ್ಜು, ಜೆರಾಕ್ಸ್, ಅಕ್ಷಯದ ಫೀಸು, ಇಷ್ಟೇ ನಮ್ಮ ಖರ್ಚು.

ಹಳೆ ಫೋನ್ ತಗೊಳ್ಳುವವರಿಗೆ ವಕೀಲೆ ಹೇಳಿದ್ದೊಂದು ಇದೆ, ನಾನು ಈಗ ನನ್ನ ಎಲ್ಲ ಹಳೆ ವಿದ್ಯಾರ್ಥಿಗಳಿಗೂ ಹೇಳುತ್ತಿದ್ದೇನೆ. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ಬರುತ್ತದೆ. ಕೇಂದ್ರ ಸರಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಅದನ್ನು ಹಾಕಿ ನೋಡಿ, ಬ್ಲ್ಯಾಕ್‌ಲಿಸ್ಟ್ ಅಂತ ಬಂದರೆ ಮುಟ್ಟಬೇಡಿ. ಇದಕ್ಕೆ ಎರಡು ನಿಮಿಷ ಸಾಕು. ಕಳೆದುಕೊಂಡವರು ದೂರು ಕೊಡುವ ಮೊದಲೇ ಮಾರಿದ್ದರೆ ಇದರಲ್ಲಿ ಗೊತ್ತಾಗದು, ಅದಕ್ಕೇ ಬಿಲ್ ಕೇಳಿ, ಮಾರುವವನ ಗುರುತು ಚೀಟಿಯ ಪ್ರತಿ ಕೇಳಿ, ದುಡ್ಡು ಯುಪಿಐಯಲ್ಲೇ ಕೊಡಿ. ಕೊಡಲು ಒಪ್ಪದಿದ್ದರೆ ಎದ್ದು ಬನ್ನಿ.

ತಮ್ಮ ಈಗ ಸಂಜೆ ಹೊತ್ತು ಪಕ್ಕದ ಮನೆಯ ಎರಡನೇ ಕ್ಲಾಸಿನ ಹುಡುಗಿಯ ಮಲಯಾಳ ಪುಸ್ತಕ ತಂದು ಓದುತ್ತಾನೆ. ಕೂಡಕ್ಷರದ ಹತ್ತಿರ ಇನ್ನೂ ನಿಲ್ಲುತ್ತಾನೆ. ಅವಳೇ ತಿದ್ದುತ್ತಾಳೆ.